ಕೂದಲು ಕಸಿಗೆ ತೆರಿಗೆ, ಸೀಳುತುಟಿಗೆ ವಿನಾಯಿತಿ

ಪ್ರಶ್ನೆ: ನಮ್ಮ ಭಾವನವರು ಕೂದಲು ಕಸಿ ಮಾಡಿಸಿಕೊಂಡಾಗ ಒಂದು ಲಕ್ಷದ ಬಿಲ್ಲಿಗೆ 18,000 ರೂಪಾಯಿ ಜಿಎಸ್‌ಟಿ ಸೇರಿಸಿದ್ದರು. ಈ ಹಣ ಸರ್ಕಾರಿ ಆಸ್ಪತ್ರೆಗಳಿಗೆ ಹೋಗುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಹಾಗೆಂದು ಮೀಸಲಿಟ್ಟಿಲ್ಲ, ಅದು ಕೇಂದ್ರ ಮತ್ತು ರಾಜ್ಯಗಳ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲವಾದರೂ, ಕೂದಲು ಕಸಿ ಮತ್ತು ಅಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗಳನ್ನು ಆ ವಿನಾಯಿತಿಯಿಂದ ಹೊರಗಿಡಲಾಗಿದೆ. ಹುಟ್ಟಿನಿಂದ ಬಂದ ಸೀಳುತುಟಿಯನ್ನು ಹೊಲಿಯಲು ಅಥವಾ ಸುಟ್ಟು ಮುದುಡಿದ ಬೆರಳುಗಳನ್ನು ಬಿಡಿಸಲು ಮಾಡುವ ಪ್ಲಾಸ್ಟಿಕ್ ಸರ್ಜರಿಗೆ ಮಾತ್ರ ತೆರಿಗೆ ಇಲ್ಲ. ಈ ವ್ಯತ್ಯಾಸ ನನಗೆ ನ್ಯಾಯವೆಂದೇ ತೋರುತ್ತದೆ.

ಮೀಸಲಿಟ್ಟರೆ ಆಸ್ಪತ್ರೆಗಳು ಉದ್ಧಾರವಾಗುತ್ತವೆಯೇ ಎಂಬುದು ಬೇರೆ ಮಾತು. ಬಡರೋಗಿಗಳ ಆಸ್ಪತ್ರೆ ವೆಚ್ಚಕ್ಕೆ ನೆರವಾಗಲೆಂದು 2004ರಲ್ಲಿ ಸೌಂದರ್ಯ ಚಿಕಿತ್ಸೆಗೆ ಶೇ 6ರಷ್ಟು ತೆರಿಗೆ ಹಾಕಿದ ಅಮೆರಿಕದ ನ್ಯೂಜೆರ್ಸಿಗೆ ನಿರೀಕ್ಷೆಗಿಂತ ಬಹಳ ಕಡಿಮೆ ಹಣ ಬಂದು, 2012ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡುವ ಕಾಯ್ದೆಯೇ ಬಂತು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 2009ರಲ್ಲಿ ಆರೋಗ್ಯ ಸುಧಾರಣೆಯ ವೆಚ್ಚಕ್ಕೆಂದು ಮಂಡಿಸಿದ ಶೇ 5ರ ಇಂಥದೇ ತೆರಿಗೆಯನ್ನು ಕೈಬಿಟ್ಟು, ಕೃತಕ ಬೆಳಕಿನಲ್ಲಿ ಮೈಬಣ್ಣ ಕಂದಿಸಿಕೊಳ್ಳುವವರ ಮೇಲೆ ಶೇ 10ರ ತೆರಿಗೆ ಹೊರಿಸಲಾಯಿತು. (ಬಿಳುಪಿನ ಕ್ರೀಮಿಗೆ ದುಡ್ಡು ಸುರಿಯುವ ನಮಗೆ ಇದು ವಿಚಿತ್ರವೆನಿಸಬಹುದು.)

ನಿಮ್ಮ ಮನೆಯಲ್ಲಿ ಯಾರಿಗಾದರೂ ಗಾಯ ಅಥವಾ ಜನ್ಮದೋಷಕ್ಕೆ ಶಸ್ತ್ರಚಿಕಿತ್ಸೆ ಬೇಕಾದರೆ, ಆ ಕಾರಣವನ್ನು ವೈದ್ಯರಿಂದ ಕಡತದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.