ಬಣ್ಣ, ಮೂಲ ನೋಡಿ ಜನರನ್ನು ಕೀಳಾಗಿ ಕಾಣುವ ಮನಸ್ಸು ಕಾಲಕ್ಕೆ ತಕ್ಕಂತೆ ಬದಲಾಗಿದೆಯಾ?

ಬದಲಾಗಿದೆ, ಆದರೆ ತುಂಬಾ ನಿಧಾನವಾಗಿ. ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಸಿದ್ದಿ ಜನರನ್ನೇ ನೋಡಿ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಈ ಕಡೆಯ ಕಾಡು ಸೇರಿದರು. ಶತಮಾನಗಳಿಂದ ಇಲ್ಲಿಯವರೇ, ಅಲ್ವಾ? ಆದರೂ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ನಮ್ಮ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು! ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಆ ಸಮುದಾಯದಿಂದ ಅವರೇ ಮೊದಲಿಗರು.

ಹಿಂದೆ ಎದುರಿಗೇ ಹೀಯಾಳಿಸುತ್ತಿದ್ದರು, ಈಗ ಹಿಂಜರಿಯುತ್ತಾರೆ. ಆದರೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಿ ಹುಡುಗನೊಬ್ಬನಿಗೆ ಇಂಗ್ಲಿಷಿನಲ್ಲಿ ಯಾವ ದೇಶ ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ. "ನಾ ಕಲಘಟಗಿಯಾಂವ ರೀ" ಅಂದ ಅವನು. ಆ ಮುಖ ಇನ್ನೂ ಕಣ್ಮುಂದಿದೆ.