ಶೂನ್ಯ ಟಿಕೆಟ್ಟಿನ ಹಿಂದೆ ಬರೆದ ಪ್ರಶ್ನೆಗಳು

ಓದುಗರೊಬ್ಬರ ಪತ್ರದಿಂದ:

"ಹಾಸನದಲ್ಲಿ ದ್ವಿತೀಯ ಪಿಯು ಓದುತ್ತಿದ್ದೇನೆ, ಪಿಸಿಎಂಬಿ. ಸಾಲಗಾಮೆ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ, ಮಲಗುವಾಗ ಹನ್ನೊಂದೂವರೆ. ಕಾಲೇಜು ಬಿಟ್ಟು ಎಷ್ಟು ಗಂಟೆ ಓದಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆರು ಗಂಟೆಗಿಂತ ಕಡಿಮೆಯಾದರೆ ಕೆಂಪು ಇಂಕು. ಈ ತಿಂಗಳು ಬರೀ ಕೆಂಪು. ಕ್ಲಾಸಿನಲ್ಲಿ ಕುಡುಮಿ ಅಂತಾರೆ. ಗೆಳತಿಗೆ ನನಗಿಂತ ಎರಡು ಮಾರ್ಕ್ಸ್ ಜಾಸ್ತಿ ಬಂದ ದಿನ ಊಟ ಸೇರಲಿಲ್ಲ. ಆ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ತಲೆಗೆ ಬಂದದ್ದೆಲ್ಲ ಬರೆಯುವ ಚಟ ಬೇರೆ. ನೀಟ್ ಮುಗಿಯುವ ತನಕ ಅದನ್ನು ನಿಲ್ಲಿಸಬೇಕಾ? ಇಷ್ಟೊಂದು ಆಸೆ ಇಟ್ಟುಕೊಳ್ಳುವುದು ತಪ್ಪಾ?"

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಊರಿನ ಹೆಸರನ್ನೂ ತೆಗೆದಿದ್ದೇನೆ. ಅಷ್ಟು ಚಿಕ್ಕ ಊರಿಂದ ಪಿಸಿಎಂಬಿ ಓದಲು ಹಾಸನಕ್ಕೆ ಬರುವವರು ಎಷ್ಟು ಜನ ಇದ್ದಾರು, ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಆಸೆಯ ಮಾತು ಮೊದಲು ಮುಗಿಸೋಣ. ತಪ್ಪಲ್ಲ. ಹುಡುಗ ರ‍್ಯಾಂಕ್ ಬೇಕು ಅಂದರೆ ಛಲಗಾರ, ಹುಡುಗಿ ಅಂದರೆ "ಇವಳದ್ದು ಸ್ವಲ್ಪ ಅತಿಯಾಯ್ತು". ಈ ಮಾತು ನಿಮ್ಮ ಕಿವಿಗೂ ಬಿದ್ದಿರುವಂತಿದೆ. ಕುಡುಮಿ ಅನ್ನುವವರಲ್ಲಿ ಅರ್ಧ ಜನ ಪರೀಕ್ಷೆಯ ಹಿಂದಿನ ದಿನ ನಿಮ್ಮ ನೋಟ್ಸ್ ಜೆರಾಕ್ಸ್ ಮಾಡಿಸಲು ಬರುತ್ತಾರೆ. ಕೊಟ್ಟುಬಿಡಿ. ಇನ್ನು ಗೆಳತಿ ವಿಷಯ. ಹೊಟ್ಟೆಕಿಚ್ಚು ಪಟ್ಟಿದ್ದಕ್ಕೆ ಒಂದೂವರೆ ಪುಟ ಕ್ಷಮೆ ಕೇಳಿದ್ದೀರಿ. ನನ್ನ ಹತ್ತಿರ ಯಾಕೆ? ಬಸ್ ಸ್ಟ್ಯಾಂಡಿನಲ್ಲಿ ಕೂತು ಆರ್ಗ್ಯಾನಿಕ್ ಕೆಮಿಸ್ಟ್ರಿ ಹೇಳಿಕೊಟ್ಟವಳೂ ಅವಳೇ ಅಂತ ಮುಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ. ಎರಡು ಮಾರ್ಕ್ಸಿನ ಕಿಚ್ಚು ಎರಡು ದಿನಕ್ಕೆ ಆರುತ್ತದೆ. ಊಟ ಮಾತ್ರ ಬಿಡಬೇಡಿ.

ನನಗೆ ತಕರಾರಿರುವುದು ಆ ಗಂಟೆ ಲೆಕ್ಕದ ಬಗ್ಗೆ.

ನಿಮ್ಮ ಪತ್ರದಲ್ಲೇ ಒಂದು ಸಾಲಿದೆ: "ರಾತ್ರಿ ಹತ್ತರಿಂದ ಹನ್ನೊಂದೂವರೆ ಓದಿದ್ದು ಬೆಳಿಗ್ಗೆ ಏನೂ ನೆನಪಿರಲಿಲ್ಲ, ಆದರೂ ಒಂದೂವರೆ ಗಂಟೆ ಅಂತ ಬರೆದೆ." ಇದನ್ನು ಓದಿ ನಗು ಬಂತು, ಪಾಪ ಅಂತಲೂ ಅನ್ನಿಸಿತು. ಆ ನೋಟ್‌ಬುಕ್ಕಿಗೆ ಗೊತ್ತಾಗುವುದು ನೀವು ಎಷ್ಟು ಹೊತ್ತು ಕುರ್ಚಿ ಮೇಲೆ ಕೂತಿದ್ದಿರಿ ಅನ್ನುವುದಷ್ಟೇ. ತಲೆಗೆ ಏನು ಹೋಯಿತು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಒಂದು ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು. ಉಳಿದವರಿಗೆ ಓದಿದ ಮೇಲೆ ಪುಟ ನೋಡದೆ ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದಾಗ ನೋಡದೆ ಬರೆದವರು ಮುಂದೆ, ಅದೂ ಒಳ್ಳೆ ಅಂತರದಲ್ಲಿ. ತಮಾಷೆ ಏನೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಧೈರ್ಯ ಜಾಸ್ತಿ ಇದ್ದದ್ದು ಮತ್ತೆ ಮತ್ತೆ ಓದಿದವರಿಗೆ. ಹೈಲೈಟರ್ ಹಿಡಿದು ಅದೇ ಪುಟವನ್ನು ನಾಲ್ಕನೇ ಸಲ ಓದುವಾಗ ನಿಮಗೂ ಹಾಗೇ ಅನ್ನಿಸುತ್ತದೆ ಅಲ್ವಾ?

ಹಾಗಾಗಿ ನೋಟ್‌ಬುಕ್ ಇರಲಿ, ಗಂಟೆ ಬರೆಯುವುದು ಬಿಡಿ. ರಾತ್ರಿ ಪುಸ್ತಕ ಮುಚ್ಚಿ, ಅವತ್ತು ಓದಿದ್ದರಲ್ಲಿ ನೆನಪಿದ್ದದ್ದನ್ನು ಬರೆಯಿರಿ. ಅರ್ಧ ಪುಟ ಬಂದರೆ ಅರ್ಧ ಪುಟ. ಬರದೇ ಇದ್ದದ್ದೇ ನಾಳೆಯ ಕೆಲಸ. ಕೆಂಪು ಇಂಕನ್ನು ಅದಕ್ಕೆ ಬಳಸಿಕೊಳ್ಳಿ.

ಮತ್ತೆ ನಿದ್ದೆ. ಹನ್ನೊಂದೂವರೆಯಿಂದ ನಾಲ್ಕೂವರೆ ಅಂದರೆ ಐದು ಗಂಟೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ತಜ್ಞರು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ತಡವಾಗಿ ಓಡುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಇದು ಸೋಮಾರಿತನ ಅಲ್ಲ, ಹಾರ್ಮೋನಿನ ಕೆಲಸ. ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತದೆ ಅಂತ ನಿಮ್ಮ ಅಜ್ಜಿ ಹೇಳಬಹುದು, ಆದರೆ ಅಜ್ಜಿ ಎಂಟು ಗಂಟೆಗೇ ಮಲಗುತ್ತಾರೆ ಅನ್ನುವುದನ್ನು ಮರೆಯಬೇಡಿ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆಯುತ್ತಾರೆ. ಅಂದರೆ ಗೊತ್ತಿದ್ದ ಉತ್ತರವನ್ನು ನಿದ್ದೆಗಣ್ಣಿನಲ್ಲಿ ತಪ್ಪು ಗುರುತಿಸಿದರೆ ಐದು ಅಂಕದ ವ್ಯತ್ಯಾಸ. ಎರಡು ಮಾರ್ಕ್ಸಿಗೆ ಊಟ ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೊನೆಯ ಪುಟಗಳಿಗೆ ಬರೋಣ. ಇಡೀ ಪತ್ರದಲ್ಲಿ ನನಗೆ ಇಷ್ಟವಾದದ್ದೇ ಇದು. ಮಾದರಿಗೆ ಮೂರು ಪ್ರಶ್ನೆ ಕಳಿಸಿದ್ದೀರಿ. ಒಂದಂತೂ ಬಸ್ಸಿನ ಶೂನ್ಯ ಟಿಕೆಟ್ಟಿನ ಹಿಂದೆ ಬರೆದದ್ದು, ಅದನ್ನು ಹಾಗೇ ಗಮ್ ಹಾಕಿ ಅಂಟಿಸಿದ್ದೀರಿ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತು ಬರೆದದ್ದು ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ.

"ಎಂಸಿಎಫ್ ಡಿಶ್‌ಗಳು ದಿನಾ ಒಂದೇ ಕಡೆ ಯಾಕೆ ನೋಡ್ತವೆ? ಉಪಗ್ರಹ ಸುತ್ತುತ್ತಲ್ಲಾ?"

ಸಾಲಗಾಮೆ ರಸ್ತೆಯಲ್ಲಿ ಓಡಾಡುವವರೆಲ್ಲ ಆ ಬಿಳಿ ಡಿಶ್‌ಗಳನ್ನು ನೋಡಿರುತ್ತಾರೆ. ಅವು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಂಸಿಎಫ್‌ನವು. ಆ ಕೇಂದ್ರ 1982ರಿಂದ ಅಲ್ಲಿದೆ. ಟಿವಿ, ಹವಾಮಾನ, ಸಂಪರ್ಕ ಅಂತ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಆ ಡಿಶ್‌ಗಳನ್ನು ನೋಡಿ ಇದನ್ನು ಕೇಳಿದವರು ಎಷ್ಟು ಜನವೋ. ಉತ್ತರಕ್ಕೆ ಬೇಕಾದ ನಿಯಮ ನಿಮ್ಮ ಪ್ರಥಮ ಪಿಯು ಪುಸ್ತಕದಲ್ಲೇ ಇದೆ, ಗುರುತ್ವಾಕರ್ಷಣೆ ಪಾಠದಲ್ಲಿ. ಉಪಗ್ರಹ ದೂರ ಹೋದಷ್ಟೂ ಒಂದು ಸುತ್ತಿಗೆ ಹೆಚ್ಚು ಹೊತ್ತು ಬೇಕು. ಸುತ್ತುವ ಅವಧಿಯ ವರ್ಗ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಅವಧಿಗೆ 23 ಗಂಟೆ 56 ನಿಮಿಷ ಅಂತ ಹಾಕಿ ಲೆಕ್ಕ ಮಾಡಿ. ಭೂಮಿಯ ಕೇಂದ್ರದಿಂದ ಸುಮಾರು 42,000 ಕಿಲೋಮೀಟರ್ ಬರುತ್ತದೆ, ನೆಲದಿಂದ ಅಂದರೆ ಸುಮಾರು 36,000. ಸಮಭಾಜಕ ವೃತ್ತದ ನೇರಕ್ಕೆ ಆ ಎತ್ತರದಲ್ಲಿಟ್ಟರೆ ಉಪಗ್ರಹ ಭೂಮಿಯ ಜೊತೆಗೇ ತಿರುಗುತ್ತದೆ. ನೋಡುವವರಿಗೆ ನಿಂತಲ್ಲೇ ನಿಂತ ಹಾಗೆ. ನಿಮ್ಮ ಮನೆ ತಾರಸಿಯ ಡಿಶ್ಶೂ ಆಗ್ನೇಯಕ್ಕೆ ಕತ್ತೆತ್ತಿ ಕೂತಿರುವುದು ಅದಕ್ಕೇ. 24 ಗಂಟೆ ಹಾಕದೆ ನಾಲ್ಕು ನಿಮಿಷ ಯಾಕೆ ಕಡಿಮೆ ಮಾಡಿದರು ಅಂತ ಕೇಳುತ್ತೀರಿ, ಗೊತ್ತು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಸೂರ್ಯನ ಸುತ್ತಲೂ ಸ್ವಲ್ಪ ಮುಂದೆ ಹೋಗಿರುತ್ತದೆ. ಸೂರ್ಯ ಮತ್ತೆ ನೆತ್ತಿಗೆ ಬರಲು ಇನ್ನಷ್ಟು ತಿರುಗಬೇಕು. ಆ ನಾಲ್ಕು ನಿಮಿಷ ಅದರದ್ದು.

ನಿಂತ ಹಾಗೆ ಅಂದೆ, ಆದರೆ ಅದು ಸುಮ್ನೆ ನಿಲ್ಲುವುದಿಲ್ಲ. ಚಂದ್ರ, ಸೂರ್ಯ ಎಳೆಯುತ್ತಾರೆ. ಭೂಮಿಯೂ ಪೂರ್ತಿ ಗುಂಡಗಿಲ್ಲ. ಹೀಗಾಗಿ ಉಪಗ್ರಹ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಜಾರುತ್ತಿರುತ್ತದೆ. ಎಂಸಿಎಫ್‌ನವರು ಆಗಾಗ ಅದರ ಚಿಕ್ಕ ಎಂಜಿನ್ ಉರಿಸಿ ಜಾಗಕ್ಕೆ ತರುತ್ತಾರೆ. ಆ ಇಂಧನ ಮುಗಿದರೆ ಉಪಗ್ರಹದ ಆಯಸ್ಸೂ ಮುಗಿದ ಹಾಗೆ. ಅಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತದೆ ಅಂತ ಬರೆದಿದ್ದಿರಲ್ಲ, ಆ ಕೆಲಸಕ್ಕೆ ಹಗಲು ರಾತ್ರಿ ಇಲ್ಲ. ಎಲ್ಲ ಡಿಶ್‌ಗಳೂ ಸುಮ್ಮನಿರುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಹೊಸ ಉಪಗ್ರಹ ಹಾರಿಸಿದಾಗ ಅದು ತನ್ನ ಜಾಗ ಸೇರುವ ತನಕ ಬೆನ್ನು ಹತ್ತಬೇಕಾಗುತ್ತದೆ, ಆಗ ತಿರುಗುವವೂ ಇವೆ.

ಎರಡನೆಯದು ಆಲೂಗಡ್ಡೆಯದ್ದು. ಮೋಡ ಮುಸುಕಿ ಜಡಿಮಳೆ ಹಿಡಿದರೆ ಅಪ್ಪ ಯಾಕೆ ಹೊಲಕ್ಕೆ ಓಡುತ್ತಾರೆ ಅಂತ. ಅಂಗಮಾರಿ ರೋಗದ ಭಯಕ್ಕೆ. ಅದು ಹಬ್ಬಲು ತಂಪು ಮತ್ತು ತೇವ ಸಾಕು, ಕೆಲವೇ ದಿನದಲ್ಲಿ ಇಡೀ ಹೊಲ ಸುಟ್ಟ ಹಾಗಾಗುತ್ತದೆ. 1845ರಲ್ಲಿ ಐರ್ಲೆಂಡಿನ ಬೆಳೆಗೆ ಬಂದು ಮಹಾ ಕ್ಷಾಮ ತಂದದ್ದೂ ಇದೇ ರೋಗ. ನೋಡಲು ಶಿಲೀಂಧ್ರದ ಹಾಗಿದ್ದರೂ ಅದು ನಿಜವಾದ ಶಿಲೀಂಧ್ರ ಅಲ್ಲ. ಯಾವ ಗುಂಪಿನದು ಅಂತ ನೀವೇ ಹುಡುಕಿ, ಬಯಾಲಜಿಗೆ ಉಪಯೋಗಕ್ಕೆ ಬರುತ್ತದೆ.

ಮೂರನೆಯದು, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆಗೆಯುವ ಹಾಸನಾಂಬೆಯ ಗುಡಿಯಲ್ಲಿ ಅಲ್ಲಿಯ ತನಕ ದೀಪ ಆರದೇ ಇರಬೇಕಾದರೆ ಎಷ್ಟು ಲೀಟರ್ ಎಣ್ಣೆ, ಎಷ್ಟು ಆಮ್ಲಜನಕ ಬೇಕು ಅನ್ನುವುದು. ಲೆಕ್ಕ ಮಾಡಲು ಅಡ್ಡಿಯಿಲ್ಲ. ಅಜ್ಜಿ ಎದುರು ಮಾಡಬೇಡಿ.

ಈ ಪ್ರಶ್ನೆಗಳಿಗೆ ಹೋಗುವ ಹೊತ್ತನ್ನು ಹಾಳು ಅಂತ ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ನೀವು ದಿನದಲ್ಲಿ ನಿಜವಾಗಿ ಓದುವುದು ಆಗಲೇ.

ಇನ್ನೊಂದು ಗಮನಿಸಿದೆ. ಪತ್ರ ಓದುವುದು ನನ್ನ ದಿನದ ಕೆಲಸ, ಹಾಗಾಗಿ ಇಂಥವು ಕಣ್ಣಿಗೆ ಬೀಳುತ್ತವೆ. ನಿಮ್ಮ ಪತ್ರ ಆರು ಪುಟ. ಡಿಶ್ ಬಗ್ಗೆ ಪೂರ್ತಿ ಒಂದು ಪುಟ. ಡಾಕ್ಟರ್ ಆಗುವ ಬಗ್ಗೆ ಒಂದೇ ವಾಕ್ಯ: "ಹಿಮ್ಸ್‌ನಲ್ಲೇ ಸೀಟು ಸಿಕ್ಕಿದರೆ ಮನೆಯಿಂದಲೇ ಹೋಗಿಬರಬಹುದು, ಸಿಗದಿದ್ದರೆ ಲಾಂಗ್ ಟರ್ಮ್ ಸೇರಿಸೋಣ ಅಂತಾರೆ ಮಾವ." (ಹಿಮ್ಸ್ ಅಂದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು; ಲಾಂಗ್ ಟರ್ಮ್ ಅಂದರೆ ಮತ್ತೊಂದು ವರ್ಷ ನೀಟ್ ಕೋಚಿಂಗ್.) ಆ ವಾಕ್ಯದಲ್ಲಿ ನೀವು ಎಲ್ಲೂ ಇಲ್ಲ. ಇರುವವರು ಮಾವ.

ಡಾಕ್ಟರಾಗಬೇಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಮಾವನ ಲೆಕ್ಕವೂ ದಡ್ಡ ಲೆಕ್ಕವಲ್ಲ. ಆಲೂಗಡ್ಡೆ, ಶುಂಠಿಯ ದರ ನಂಬಿಕೊಂಡ ಮನೆಯಲ್ಲಿ ಒಂದು ಖಾತ್ರಿ ಸಂಬಳದ ಆಸೆ ಯಾರಿಗಿರುವುದಿಲ್ಲ? ಆದರೆ ಗಣಿತ ಬಿಡದೆ ಪಿಸಿಎಂಬಿ ತೆಗೆದುಕೊಂಡಿದ್ದೀರಿ. ಆ ಬಾಗಿಲು ತೆರೆದಿರುವಾಗ ಒಳಗೆ ಏನಿದೆ ಅಂತ ಇಣುಕಿ ನೋಡದೆ ಇರಬೇಡಿ. ಐಸರ್ ಅಂತ ದೇಶದಲ್ಲಿ ಏಳು ಸಂಸ್ಥೆಗಳಿವೆ, ಐದು ವರ್ಷದ ವಿಜ್ಞಾನದ ಕೋರ್ಸು. ಅವುಗಳ ಪ್ರವೇಶ ಪರೀಕ್ಷೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕರಿಂದಲೂ ಹದಿನೈದು ಹದಿನೈದು ಪ್ರಶ್ನೆ. ಬೆಂಗಳೂರಿನ ಐಐಎಸ್ಸಿಯ ನಾಲ್ಕು ವರ್ಷದ ಪದವಿಗೂ ಆ ಪರೀಕ್ಷೆಯ ದಾರಿ ಇದೆ. ಅರ್ಜಿ ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ, ಸರಿಯಾಗಿ ಬೋರ್ಡ್ ಪರೀಕ್ಷೆಯ ಗಲಾಟೆಯಲ್ಲಿ ಬರುವುದರಿಂದ ಹಳ್ಳಿ ಮಕ್ಕಳಿಗೆ ತಪ್ಪಿಹೋಗುವುದೇ ಹೆಚ್ಚು. ಜಾಲತಾಣದಲ್ಲಿ ಈ ವರ್ಷದ ತಾರೀಕು ನೋಡಿಕೊಂಡು ಗೋಡೆಗೆ ಅಂಟಿಸಿ. ಎಂಸಿಎಫ್ ಒಳಗೇ ಹೋಗಬೇಕು ಅಂದರೆ ಎಂಜಿನಿಯರಿಂಗಿನ ದಾರಿಯೂ ಇದೆ. ಸಿಇಟಿ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದೇ ಸಾಲಗಾಮೆ ರಸ್ತೆಯಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಮನೆಯಲ್ಲಿ ದುಡ್ಡಿನ ಮಾತು ಬರುತ್ತದೆ. ಬರಲಿ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ರೂಪಾಯಿ. ಮಾವನ ಎದುರು "ನನಗೆ ಇಷ್ಟ" ಅಂತ ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. ಈ ಅಂಕಿಯಿಂದ ಶುರು ಮಾಡಿ. ಅಪ್ಪನ ಜೊತೆ ಮೊದಲು ಮಾತಾಡಿ, ಸಾಧ್ಯವಾದರೆ ಹೊಲದಲ್ಲಿ, ಇಬ್ಬರೇ ಇರುವಾಗ. ನೀಟ್ ಬರೆಯಿರಿ, ಚೆನ್ನಾಗೇ ಬರೆಯಿರಿ. ಬಂದ ಅಂಕ ನೋಡಿ ತೀರ್ಮಾನ ಮಾಡುವುದು ಬೇರೆ, ಬೇರೆ ಏನಿದೆ ಅಂತಲೇ ಗೊತ್ತಿಲ್ಲದೆ ಲಾಂಗ್ ಟರ್ಮಿಗೆ ಹೋಗಿ ಕೂರುವುದು ಬೇರೆ.

ಬರೆಯುವುದನ್ನು ನಿಲ್ಲಿಸಬೇಕಾ ಅಂತ ಕೇಳಿದ್ದಿರಿ. ನಿಮ್ಮ ಹಾಸನದ ಬಾನು ಮುಷ್ತಾಕ್ ಅವರು ವಕೀಲಿ ಮಾಡುತ್ತಲೇ ಕತೆ ಬರೆದವರು. ಕೋರ್ಟಿನ ಕೆಲಸ ಮುಗಿಯಲಿ, ಆಮೇಲೆ ಬರೆಯೋಣ ಅಂತ ಕೂತಿದ್ದರೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಕನ್ನಡಕ್ಕೆ ಬರುತ್ತಿರಲಿಲ್ಲ. ದಿನಾ ಅರ್ಧ ಗಂಟೆ ಬರೆಯುವುದು ಜಾಸ್ತಿ ಅನ್ನಿಸಿದರೆ ಹತ್ತು ನಿಮಿಷ ಮಾಡಿ. ಬಸ್ಸಿನಲ್ಲಿ ಹೇಗೂ ಪುಸ್ತಕ ಬಿಡಿಸಲು ಜಾಗ ಇಲ್ಲ, ಟಿಕೆಟ್ಟಿನ ಹಿಂದೆ ಜಾಗ ಇದೆಯಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಜೂನ್‌ನಲ್ಲೋ ಜುಲೈನಲ್ಲೋ, ಆ ಡಿಶ್‌ಗಳ ಬಗ್ಗೆ ನಮಗೊಂದು ಲೇಖನ ಬರೆದು ಕಳಿಸಿ. ನಾನು ಇಲ್ಲಿ ಹೇಳಿದ್ದನ್ನೇ ಬರೆಯಬೇಡಿ. 42,000ದ ಲೆಕ್ಕವನ್ನು ನೀವೇ ಮಾಡಿ, ಹೆಜ್ಜೆ ಹೆಜ್ಜೆಯಾಗಿ ತೋರಿಸಿ, ಎಂಟನೇ ಕ್ಲಾಸಿನವರಿಗೂ ಅರ್ಥವಾಗಬೇಕು. ಎಂಟುನೂರು ಪದ ದಾಟದಿರಲಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಹೆಸರು ಹಾಕಬೇಕೋ ಬೇಡವೋ ಆಗ ಮತ್ತೆ ತಿಳಿಸಿ. ಗೌರವಧನ ಕೊಡುತ್ತೇವೆ, ಕಡಿಮೆಯೇ.