ಸಂಪಾದಕರ ಉತ್ತರ: ಅಣ್ಣನಿಗಾಗಿ ಒಂದು ಸಾಕ್ಷಿ

ಹೊಳಲ್ಕೆರೆ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ದೊಡ್ಡಪ್ಪನ ಮಗ ಎರಡು ಎಕರೆ ಅಡಿಕೆ ತೋಟದ ಕ್ರಯದ ಕರಾರಿನ ಮೇಲೆ ದಾವೆ ಹೂಡಿದ್ದಾರೆ. ಮುಂಗಡ ಕೊಟ್ಟಿದ್ದು ನಿಜ. ಆದರೆ ಕೊಡುವಾಗ ನಾನು ಎದುರಿಗಿದ್ದೆ ಎಂದು ಸಾಕ್ಷಿ ಹೇಳಬೇಕಂತೆ. ನಾನು ಅಲ್ಲಿರಲಿಲ್ಲ. ಸಿವಿಲ್ ಕೇಸಿನಲ್ಲಿ ಜೈಲು ಇಲ್ಲ, ಸಾಕ್ಷ್ಯದ ಅಫಿಡವಿಟ್ಟಿಗೆ ಸಹಿ ಹಾಕು ಎನ್ನುತ್ತಾರೆ. ಹಾಕಬಹುದೇ?"

ಹಾಕಬೇಡಿ. ಕೇಳಿದ್ದು ಒಳ್ಳೆಯದಾಯಿತು, ಬಹಳ ಜನ ಸಹಿ ಹಾಕಿದ ಮೇಲೆ ಕೇಳುತ್ತಾರೆ.

ಅಣ್ಣ ತಮ್ಮಂದಿರ ಋಣ ದೊಡ್ಡದು, ಒಪ್ಪುತ್ತೇನೆ. ನಾಳೆ ಮದುವೆ, ಸಾವು ಎಂದರೆ ಅವರೇ ಬರಬೇಕು. ಆದರೆ ಜೈಲಿಲ್ಲ ಎಂದು ನಿಮ್ಮನ್ನು ನಂಬಿಸಿದವರು ನಿಮ್ಮ ಹಿತ ಬಯಸಿದವರಲ್ಲ. ನ್ಯಾಯಾಂಗ ನಡಾವಳಿಯಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ನುಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 229ನೇ ಸೆಕ್ಷನ್ 7 ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಸಿವಿಲ್, ಕ್ರಿಮಿನಲ್ ಎಂಬ ಭೇದ ಅಲ್ಲಿಲ್ಲ. ಅದಕ್ಕೆ ಮೊದಲಿದ್ದ 1860ರ ದಂಡ ಸಂಹಿತೆಯಲ್ಲೂ ಇರಲಿಲ್ಲ. ಸುಳ್ಳು ಸಾಕ್ಷ್ಯ ಎಂದರೇನು ಎಂದು ವಿವರಿಸುವಾಗ ಕಾನೂನು ಕೊಡುವ ಮೊದಲ ಉದಾಹರಣೆ ನಿಮ್ಮದೇ ಕಥೆ: ಒಬ್ಬನಿಗೆ ಸಾವಿರ ರೂಪಾಯಿ ನ್ಯಾಯವಾಗಿಯೇ ಬರಬೇಕಿದೆ, ಅವನಿಗೆ ನೆರವಾಗಲು ಇನ್ನೊಬ್ಬ, ಸಾಲಗಾರ ಒಪ್ಪಿಕೊಂಡಿದ್ದನ್ನು ಕಿವಿಯಾರೆ ಕೇಳಿದೆ ಎಂದು ಪ್ರಮಾಣ ಮಾಡುತ್ತಾನೆ. ಕೇಳಿರುವುದಿಲ್ಲ. ಬಾಕಿ ನಿಜ, ಸಾಕ್ಷಿ ಅಪರಾಧಿ.

ಹಿಂದೊಮ್ಮೆ ದಾವಣಗೆರೆಯ ನ್ಯಾಯಾಲಯದಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಕರಾರು ನಿಜವಾಗಿ ನಡೆದಿತ್ತು. ಆದರೂ ಬಲಕ್ಕಿರಲಿ ಎಂದು ಕಾಣದವನೊಬ್ಬನನ್ನು ಕಣ್ಣಾರೆ ಕಂಡವನನ್ನಾಗಿ ಮಾಡಿದ್ದರು. ಪಾಟೀಸವಾಲಿನಲ್ಲಿ ಎದುರು ವಕೀಲರು ಹಣದ ಮಾತನ್ನೇ ಎತ್ತಲಿಲ್ಲ. ಅಂದು ಪಡಸಾಲೆಯಲ್ಲಿ ಯಾರು ಯಾರಿದ್ದರು ಎಂದು ಮೆಲ್ಲಗೆ ಕೇಳಿದರು. "ಮನೆಯ ಹಿರಿಯರೇ ಎಲೆ ಅಡಿಕೆ ಕೊಟ್ಟರು" ಎಂದ. ಆ ಹಿರಿಯರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ವಕೀಲರು ಮರಣ ಪ್ರಮಾಣಪತ್ರ ಮುಂದಿಟ್ಟಾಗ ಅವನು ಕಟಕಟೆಯ ಕಂಬಿ ಹಿಡಿದುಕೊಂಡು, ತನ್ನನ್ನು ಕರೆತಂದವರ ಕಡೆ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ನಿಜವಾದ ಕರಾರಿನ ಮೇಲೂ ಅಂದು ಅನುಮಾನ ಬಿತ್ತು.

ನಿಮ್ಮ ಅಣ್ಣನವರಿಗೆ ಇದನ್ನು ಓದಿ ಹೇಳಿ. ಸುಳ್ಳಿನ ಆಧಾರದಲ್ಲಿ ನಡೆಸಿದ ದಾವೆಯನ್ನು ಯಾವ ಹಂತದಲ್ಲಾದರೂ ಹೊರಗೆಸೆಯಬಹುದು ಎಂದು ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

ಹಾಗಾದರೆ ಜನರಿಗೆ ಭಯವೇಕಿಲ್ಲ? ನನ್ನ ಸಂಕಟ ಇರುವುದೇ ಇಲ್ಲಿ. ಸುಳ್ಳು ಸಾಕ್ಷಿಯ ಮೇಲೆ ಎದುರಾಳಿ ನೇರವಾಗಿ ಕೇಸು ಹಾಕುವಂತಿಲ್ಲ. ಅರ್ಜಿ ಕೊಡಬಹುದು ಅಷ್ಟೆ. ಲಿಖಿತ ದೂರು ನ್ಯಾಯಾಲಯದ ಕಡೆಯಿಂದಲೇ ಹೋಗಬೇಕು. ಅದೂ ನ್ಯಾಯದ ಹಿತಕ್ಕೆ ಅಗತ್ಯವೆಂದು ಕಂಡಾಗ ಮಾತ್ರ ಎಂದು 2005ರ ಇಕ್ಬಾಲ್ ಸಿಂಗ್ ಮರ್ವಾಹ ತೀರ್ಪು ಹೇಳುತ್ತದೆ. ಸೇಡಿನ ದೂರುಗಳನ್ನು ತಡೆಯಲು ಈ ಕಟ್ಟುಪಾಡು ಬೇಕೇನೋ. ಆದರೆ ಫೈಲುಗಳ ರಾಶಿಯಲ್ಲಿ ಮುಳುಗಿರುವ ನ್ಯಾಯಾಧೀಶರು ಒಂದು ದಾವೆಯಿಂದ ಇನ್ನೊಂದು ಕೇಸು ಹುಟ್ಟಿಸಲು ಹಿಂಜರಿಯುತ್ತಾರೆ, ಸುಳ್ಳು ಹೇಳಿದವನು ಬಸ್ ಹತ್ತಿ ಊರಿಗೆ ಹೋಗುತ್ತಾನೆ. ನಿಮಗೆ ಹತ್ತಿರದ ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ವ್ಯಾಜ್ಯ ಕೇಳುತ್ತದೆ. ಸ್ವಾಮೀಜಿಯ ಎದುರು ಸುಳ್ಳಾಡಲು ಅಂಜುವ ಜನ ಸರ್ಕಾರದ ನ್ಯಾಯಾಲಯದಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಯೂ ಅಂಜುವುದಿಲ್ಲವೆಂದರೆ ಆ ಪ್ರಮಾಣವನ್ನು ನಾವು ಯಾವ ಗತಿಗೆ ತಂದಿದ್ದೇವೆ?

ಇನ್ನೊಂದು ಅನ್ಯಾಯವಿದೆ. 2002ರ ತಿದ್ದುಪಡಿಯಿಂದ ಸಿವಿಲ್ ದಾವೆಯ ಮುಖ್ಯ ವಿಚಾರಣೆ, ಅಂದರೆ ಪಾಟೀಸವಾಲಿಗೆ ಮೊದಲು ಸಾಕ್ಷಿ ಹೇಳುವ ಮಾತು, ಪ್ರಮಾಣಪತ್ರದ (ಅಫಿಡವಿಟ್) ಮೂಲಕವೇ ಆಗುತ್ತದೆ. ಸಾಕ್ಷಿ ಬಾಯಿ ತೆರೆಯುವ ಮೊದಲೇ ಅವನ ಮಾತು ವಕೀಲರ ಕಚೇರಿಯಲ್ಲಿ ಟೈಪಾಗಿರುತ್ತದೆ, ಎಷ್ಟೋ ಬಾರಿ ಇಂಗ್ಲಿಷಿನಲ್ಲಿ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳ ಭಾಷೆ ಕನ್ನಡ. ಆದರೂ ಕನ್ನಡ ಬಿಟ್ಟು ಬೇರೆ ತಿಳಿಯದ ರೈತ, ತನಗೆ ಅರ್ಥವಾಗದ ಹಾಳೆಗೆ ಹೆಬ್ಬೆಟ್ಟು ಒತ್ತಿ, ಅದರ ಒಂದೊಂದು ಸಾಲಿಗೂ ತಾನೇ ಹೊಣೆಯಾಗುತ್ತಾನೆ. ಇದನ್ನು ನಮ್ಮ ವಕೀಲರ ಸಂಘಗಳು ಮನಸ್ಸು ಮಾಡಿದರೆ ನಿಲ್ಲಿಸಬಹುದು.

ನೀವು ಅಣ್ಣನವರ ಜೊತೆ ಅವರ ವಕೀಲರನ್ನು ಕಂಡು, ನಾನು ಅಲ್ಲಿರಲಿಲ್ಲ ಎಂದು ತಿಳಿಸಿ. ಕರಾರಿಗೆ ಸಾಕ್ಷಿಯಾಗಿ ಸಹಿ ಹಾಕಿದವರು, ಅದನ್ನು ಬರೆದವರು ಇದ್ದೇ ಇರುತ್ತಾರೆ, ಅವರನ್ನು ಕರೆಸಲಿ. ಹಣ ಕೊಟ್ಟ ಸಂಗತಿ ನಿಮಗೆ ಆಮೇಲೆ ಯಾರಿಂದಲೋ ತಿಳಿದಿದ್ದರೆ, ಹಾಗೆಂದೇ ಹೇಳಿ.